ಲೆನ್ಸಿನೊಳಗಿನ ಗುಳ್ಳೆ: ದೋಷವೋ, ಹುಟ್ಟುಮಚ್ಚೆಯೋ?

ಹೊಸೂರು ರಸ್ತೆಯ ಸಿಂಗಸಂದ್ರದಂಥ ಕಡೆ ಹಳೆಯ ಮನೆ ಕೆಡವಿ ಹೊಸದು ಕಟ್ಟುವಾಗ ಅಟ್ಟದಿಂದ ಏನೇನೋ ಇಳಿಯುತ್ತವೆ. ಅಜ್ಜನ ಕಾಲದ ಕ್ಯಾಮೆರಾವೂ ಅವುಗಳಲ್ಲಿ ಒಂದಿರಬಹುದು. ಅದರ ಲೆನ್ಸನ್ನು ಬೆಳಕಿಗೆ ಹಿಡಿದಾಗ ಗಾಜಿನೊಳಗೆ ಸಾಸಿವೆಗಿಂತ ಸಣ್ಣ ಗುಳ್ಳೆ ಕಂಡರೆ, ಕೆಟ್ಟಿದೆಯೆಂದು ಗುಜರಿಗೆ ಹಾಕಿಬಿಡುವುದುಂಟು. ಆದರೆ ಆ ಗುಳ್ಳೆ ಕೆಟ್ಟದ್ದರ ಗುರುತಲ್ಲ, ಹುಟ್ಟಿನಿಂದಲೇ ಬಂದದ್ದು.

1884ರಲ್ಲಿ ಜರ್ಮನಿಯ ಯೇನಾದಲ್ಲಿ ಆಟ್ಟೊ ಶಾಟ್, ಅರ್ನ್ಸ್ಟ್ ಆಬೆ ಮತ್ತು ಕಾರ್ಲ್ ಜೈಸ್ ಸೇರಿ ಗಾಜಿನ ಪ್ರಯೋಗಾಲಯ ತೆರೆದರು. ಬೇರಿಯಂ ಮುಂತಾದವು ಬೆರೆತ ಅಲ್ಲಿನ ಹೊಸ ಗಾಜುಗಳಿಂದ ಉತ್ತಮ ಲೆನ್ಸ್‌ಗಳು ಸಾಧ್ಯವಾದವು. ಆಗ ಗಾಜನ್ನು ಕರಗಿಸುತ್ತಿದ್ದುದು ಜೇಡಿಮಣ್ಣಿನ ಮೂಸೆಯಲ್ಲಿ. ಗುಳ್ಳೆಗಳೆಲ್ಲ ಮೇಲೇರಿ ಹೋಗುವವರೆಗೆ ಕಾಯಿಸುತ್ತ ಕುಳಿತರೆ ಕರಗಿದ ಗಾಜು ಮೂಸೆಯನ್ನೇ ತಿಂದು ಕಲುಷಿತವಾಗುತ್ತಿತ್ತು. ಹೀಗಾಗಿ ಕೆಲವು ಗುಳ್ಳೆಗಳನ್ನು ತಯಾರಕರು ಒಪ್ಪಿಕೊಂಡರು.

ಇದರಿಂದ ಚಿತ್ರಕ್ಕೆ ನಷ್ಟವೆಷ್ಟು? 25 ಮಿ.ಮೀ. ಅಗಲದ ಗಾಜಿನಲ್ಲಿ ಅರ್ಧ ಮಿ.ಮೀ.ನ ಗುಳ್ಳೆಯಿದ್ದರೆ ಅದು ತಡೆಯುವುದು ಒಟ್ಟು ಬೆಳಕಿನ 2,500ರಲ್ಲಿ ಒಂದು ಪಾಲನ್ನು ಮಾತ್ರ. ಕಣ್ಣಿಗೂ ಗೊತ್ತಾಗದು, ಫಿಲ್ಮಿಗೂ ಗೊತ್ತಾಗದು.

ಕೆಲವು ಹಳೆಯ ಲೆನ್ಸ್‌ಗಳು ಚಹಾದ ಬಣ್ಣಕ್ಕೆ ತಿರುಗಿರುತ್ತವೆ. ಜಪಾನಿನ ಸೂಪರ್ ಟಾಕುಮಾರ್ 50 ಮಿ.ಮೀ. ಎಫ್ 1.4ರ ಒಂದು ಮಾದರಿ ಇದಕ್ಕೆ ಪ್ರಸಿದ್ಧ. ಅದರ ಗಾಜಿಗೆ ಥೋರಿಯಂ ಬೆರೆಸಿದ್ದರು; ಕೇರಳದ ಕಡಲತೀರದ ಮೋನಜೈಟ್ ಮರಳಿನಲ್ಲಿ ಇರುವುದೂ ಇದೇ ಧಾತು. ಅದರ ಸೌಮ್ಯ ವಿಕಿರಣ ವರ್ಷಗಳುದ್ದಕ್ಕೂ ಗಾಜನ್ನು ಹಳದಿಗೊಳಿಸುತ್ತದೆ. ಕೆಲವು ದಿನ ಅಥವಾ ವಾರ ಬಿಸಿಲಿಗಿಟ್ಟರೆ ಬಣ್ಣ ಬಹುಪಾಲು ಇಳಿಯುತ್ತದೆ. ಆದರೆ ಲೆನ್ಸಿನ ಮೂಲಕ ಬಿಸಿಲು ಒಂದೆಡೆ ಸೇರಿ ಬೆಂಕಿ ಹತ್ತಬಹುದು. ಹತ್ತಿರ ಕಾಗದ, ಬಟ್ಟೆ ಇರಬಾರದು. ಚಿತ್ರ ತೆಗೆಯಲು ಅಪಾಯವಿಲ್ಲ; ಗಾಜನ್ನು ಒಡೆಯುವುದು, ಉಜ್ಜುವುದು ಮಾತ್ರ ಸಲ್ಲದು.

ಲೆನ್ಸಿನ ಮೇಲಿನ ಹೆಸರಿನಲ್ಲೂ ವಿಚಿತ್ರಗಳಿವೆ. ಎರಡನೆಯ ಮಹಾಯುದ್ಧದ ನಂತರ ಜರ್ಮನಿಯಂತೆ ಜೈಸ್ ಸಂಸ್ಥೆಯೂ ಇಬ್ಭಾಗವಾಯಿತು. ಹೆಸರಿನ ಹಕ್ಕಿಗಾಗಿ ವ್ಯಾಜ್ಯ ನಡೆದುದರಿಂದ, ಪಶ್ಚಿಮ ದೇಶಗಳಿಗೆ ಹೋಗುತ್ತಿದ್ದ ಯೇನಾದ ಲೆನ್ಸ್‌ಗಳಲ್ಲಿ ‘ಆಉಸ್ ಯೇನಾ’ (ಯೇನಾದಿಂದ) ಎಂದಷ್ಟೇ ಕೊರೆದರು. ‘ಟೆಸ್ಸಾರ್’ ಎಂಬುದು ಬರೀ ‘ಟಿ’ ಆಯಿತು. ಇಂಥದ್ದನ್ನು ನಕಲಿಯೆಂದು ತಿಳಿಯಬೇಕಿಲ್ಲ. ಸೋವಿಯತ್ ಲೆನ್ಸ್‌ಗಳ ಕ್ರಮಸಂಖ್ಯೆಯ ಮೊದಲೆರಡು ಅಂಕಿಗಳು ಸಾಮಾನ್ಯವಾಗಿ ತಯಾರಾದ ವರ್ಷ. 78ರಿಂದ ಆರಂಭವಾದರೆ ಅದು 1978ರದು.

ನಿಜಕ್ಕೂ ಹೆದರಬೇಕಾದದ್ದು ಬೂಷ್ಟಿಗೆ. ಅದು ಕಾರ್ಖಾನೆಯದಲ್ಲ, ನಮ್ಮ ಮಳೆಗಾಲದ್ದು. ಚರ್ಮದ ಚೀಲದಲ್ಲಿಟ್ಟು ಬೀರುವಿನಲ್ಲಿ ಮುಚ್ಚಿಟ್ಟರೆ ತೇವ ಸೇರಿ, ಜೇಡರ ಬಲೆಯಂಥ ಕವಲೆಳೆಗಳು ಗಾಜಿನ ಮೇಲೆ ಹಬ್ಬುತ್ತವೆ. ಅವು ಬಿಡುವ ಆಮ್ಲ ಗಾಜಿನ ಲೇಪವನ್ನು ಕೊರೆದರೆ, ಒರೆಸಿದರೂ ಕಲೆ ಹೋಗದು.

ಗುರುತು ಸುಲಭ. ಗುಳ್ಳೆ ದುಂಡಗೆ, ಸ್ಪಷ್ಟ ಅಂಚಿನಿಂದ, ಗಾಜಿನ ಒಡಲಲ್ಲಿ ಇರುತ್ತದೆ. ಎಷ್ಟು ವರ್ಷವಾದರೂ ಬೆಳೆಯದು. ಬೂಷ್ಟು ಎಳೆಯೆಳೆಯಾಗಿ ಮೇಲ್ಮೈಯಲ್ಲಿ ಹರಡಿ, ಬಿಟ್ಟಷ್ಟೂ ಬೆಳೆಯುತ್ತದೆ. ಅಜ್ಜನ ಕ್ಯಾಮೆರಾವನ್ನು ಗುಜರಿಗೆ ಕೊಡುವ ಮೊದಲು ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಕಂಡದ್ದು ಗುಳ್ಳೆಯಾದರೆ ಆ ಲೆನ್ಸು ಇನ್ನೂ ಮೊಮ್ಮಕ್ಕಳ ಚಿತ್ರ ತೆಗೆಯಬಲ್ಲದು.