ಆರ್‌ಎಕ್ಸ್ 100 ನಂತರ ಯಾವ ಬೈಕು? ಹಳೆಯ ಮಾಲೀಕರ ಹೊಸ ಲೆಕ್ಕಾಚಾರ

ವಿಜಯಪುರ: ಸಂಕ್ರಾಂತಿ ಜಾತ್ರೆಯ ಜನಜಂಗುಳಿಯ ನಡುವೆಯೂ ಸಿದ್ಧೇಶ್ವರ ಗುಡಿಯ ಸುತ್ತಲಿನ ಓಣಿಗಳಲ್ಲಿ ಒಂದು ಸದ್ದು ಥಟ್ಟನೆ ಗುರುತಿಗೆ ಸಿಗುತ್ತದೆ. ಅದು ಯಮಹಾ ಆರ್‌ಎಕ್ಸ್ 100. ಉತ್ಪಾದನೆ ನಿಂತು ಮೂರು ದಶಕಗಳಾಗುತ್ತ ಬಂದರೂ ಈ ಬೈಕಿನ ಮೇಲಿನ ಮೋಹ ಕಡಿಮೆಯಾಗಿಲ್ಲ. ಚೆನ್ನಾಗಿ ಇಟ್ಟುಕೊಂಡ ಗಾಡಿಗೆ ಲಕ್ಷ ರೂಪಾಯಿಗೂ ಮೀರಿ ಕೊಡುವವರಿದ್ದಾರೆ. ಆದರೆ ಅದನ್ನು ದಿನನಿತ್ಯ ಓಡಿಸುವವರ ಚಿಂತೆಯೇ ಬೇರೆ. ನೋಂದಣಿ ನವೀಕರಣ, ಸಿಗದ ಬಿಡಿಭಾಗ, ಬದಲಾದ ಪೆಟ್ರೋಲು, ವೇಗ ಹೆಚ್ಚಿದ ಹೆದ್ದಾರಿ ಇವೆಲ್ಲ ಸೇರಿ ‘ಇದರ ಬದಲಿಗೆ ಯಾವುದು?’ ಎಂಬ ಪ್ರಶ್ನೆಯನ್ನು ಅವರ ಮುಂದಿಟ್ಟಿವೆ.

ನಗರದಿಂದ ಇಪ್ಪತ್ತು-ಇಪ್ಪತ್ತೈದು ಕಿ.ಮೀ. ಅಂತರದ ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ತೋಟಗಳಿಗೆ ನಿತ್ಯ ಹೋಗಿಬರುವವರಿಗೆ ಇದು ಕೇವಲ ಹವ್ಯಾಸದ ಮಾತಲ್ಲ. ತಂದೆ ಕೊಂಡ ಗಾಡಿಯನ್ನು ಮಗ ಓಡಿಸುತ್ತಿರುವ ಮನೆಗಳಲ್ಲಿ ಹೊಸ ಬೈಕು ಎಂದಾಕ್ಷಣ ಚರ್ಚೆ ಲೆಕ್ಕದಿಂದ ಭಾವನೆಗೆ ಜಾರುತ್ತದೆ. ಲೆಕ್ಕವನ್ನು ಮೊದಲು ನೋಡುವುದು ಒಳ್ಳೆಯದು.

ನೂರು ಸಿಸಿಯ ಗುಟ್ಟು

ಎಸ್ಕಾರ್ಟ್ಸ್ ಸಂಸ್ಥೆಯ ಸಹಯೋಗದಲ್ಲಿ ಆರ್‌ಎಕ್ಸ್ 100 ಭಾರತದ ರಸ್ತೆಗೆ ಇಳಿದದ್ದು 1985ರಲ್ಲಿ. 98 ಸಿಸಿಯ ಎಂಜಿನ್ನು, 11 ಅಶ್ವಶಕ್ತಿ, ನಾಲ್ಕು ಗೇರು, ಸುಮಾರು 103 ಕಿಲೋ ತೂಕ. ಇಂದಿನ ಕಣ್ಣಿಗೆ ಈ ಅಂಕಿಗಳು ಸಾಧಾರಣವಾಗಿ ಕಾಣುತ್ತವೆ. ಆದರೆ ಅದು ಎರಡು ಸ್ಟ್ರೋಕಿನ ಎಂಜಿನ್ನು ಎಂಬುದನ್ನು ಮರೆಯುವಂತಿಲ್ಲ. ಇಂದಿನ ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಒಮ್ಮೆ ಮಾತ್ರ ಇಂಧನ ಉರಿದು ಶಕ್ತಿ ಹುಟ್ಟುತ್ತದೆ. ಎರಡು ಸ್ಟ್ರೋಕಿನದರಲ್ಲಿ ಪ್ರತಿ ಸುತ್ತಿಗೂ ಹುಟ್ಟುತ್ತದೆ. ಜೊತೆಗೆ ವಾಲ್ವು, ಕ್ಯಾಮು, ಟೈಮಿಂಗ್ ಚೈನಿನ ಭಾರವಿಲ್ಲ. ಆಕ್ಸಿಲರೇಟರ್ ತಿರುಗಿಸಿದೊಡನೆ ಗಾಡಿ ಮುಂದಕ್ಕೆ ಚಿಮ್ಮುವುದು ಇದೇ ಕಾರಣದಿಂದ.

ಇದೇ ಗುಣ ಅದರ ಮುಳುವೂ ಆಯಿತು. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಉರಿದ ಹೊಗೆ ಹೊರಹೋಗುವ ಹೊತ್ತಿಗೇ ಹೊಸ ಮಿಶ್ರಣ ಒಳಬರುವುದರಿಂದ ಅದರ ಒಂದಿಷ್ಟು ಭಾಗ ಉರಿಯದೆ ಸೈಲೆನ್ಸರಿನತ್ತ ಜಾರುತ್ತದೆ. ಪೆಟ್ರೋಲಿನ ಜೊತೆ ಎಣ್ಣೆಯೂ ಸುಡುತ್ತದೆ. 1996ರಲ್ಲಿ ಹೊಗೆಯ ಮಿತಿಗಳು ಬಿಗಿಯಾದಾಗ ಆರ್‌ಎಕ್ಸ್ 100 ನಿಂತಿತು. ನಂತರ ಬಂದ ಆರ್‌ಎಕ್ಸ್‌ಜಿ, ಆರ್‌ಎಕ್ಸ್ 135 ಕೆಲವು ವರ್ಷ ಆ ವಂಶವನ್ನು ಎಳೆದುಕೊಂಡು ಹೋದವು.

ರಾಜ್ಯದ ಮಟ್ಟಿಗೆ ಅದೇ 1996 ಇನ್ನೊಂದು ಬಾಗಿಲು ಮುಚ್ಚಿದ ವರ್ಷವೂ ಹೌದು. 1960ರ ದಶಕದ ಆರಂಭದಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಬೈಕುಗಳನ್ನು ಕಟ್ಟುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಆ ವರ್ಷ ಸ್ಥಗಿತವಾಯಿತು. ಕಿಕ್ ಹಾಗೂ ಗೇರು ಎರಡಕ್ಕೂ ಒಂದೇ ಲಿವರ್ ಇದ್ದ ಆ ಗಾಡಿಗಳಿಗೂ ಅಷ್ಟೇ ನಿಷ್ಠಾವಂತ ಬಳಗವಿದೆ. ಅವರಿಗೆ ಒಂದು ಅನುಕೂಲ ದೊರೆತಿದೆ: ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆ 2018ರಲ್ಲಿ ಜಾವಾ ಹೆಸರನ್ನು, 2022ರ ಜನವರಿಯಲ್ಲಿ ಯೆಜ್ಡಿ ಹೆಸರನ್ನು ಮತ್ತೆ ಮಾರುಕಟ್ಟೆಗೆ ತಂದಿತು. ಹೆಸರು ಮೈಸೂರಿನದು, ತಯಾರಿಕೆ ಮಧ್ಯಪ್ರದೇಶದ ಪೀಥಂಪುರದಲ್ಲಿ. 334 ಸಿಸಿಯ ಎಂಜಿನ್ನು ನೀರಿನಿಂದ ತಂಪಾಗುವ ನಾಲ್ಕು ಸ್ಟ್ರೋಕಿನದು. ಆರ್‌ಎಕ್ಸ್ ಹೆಸರನ್ನೂ ಮರಳಿ ತರುವ ಆಲೋಚನೆ ಇದೆ ಎಂದು ಯಮಹಾದ ಭಾರತ ಘಟಕದ ಅಧ್ಯಕ್ಷರಾಗಿದ್ದ ಐಶಿನ್ ಚಿಹಾನಾ 2022ರಲ್ಲಿ ಹೇಳಿದ್ದರು. ಹಾಗೆ ಬಂದರೂ ಅದು ಎರಡು ಸ್ಟ್ರೋಕಿನದಾಗಿರಲು ಸಾಧ್ಯವಿಲ್ಲ. 2020ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಬಿಎಸ್ 6 ಮಿತಿಯೊಳಗೆ ಅಂಥ ಎಂಜಿನ್ನನ್ನು ಕೈಗೆಟಕುವ ಬೆಲೆಗೆ ತರುವುದು ಆಗದ ಮಾತು. ಅದಕ್ಕಾಗಿ ಕಾಯುತ್ತಿರುವವರು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಾಯಬೇಕು.

ಸಿಸಿ ಅಲ್ಲ, ತೂಕ ನೋಡಿ

ಬದಲಿ ಗಾಡಿ ಹುಡುಕುವವರು ಮಾಡುವ ಮೊದಲ ತಪ್ಪು ಸಿಸಿ ನೋಡುವುದು. ನೋಡಬೇಕಾದದ್ದು ತೂಕಕ್ಕೆ ಎಷ್ಟು ಶಕ್ತಿ ಎಂಬುದನ್ನು. ಆರ್‌ಎಕ್ಸ್ 100ರಲ್ಲಿ ಪ್ರತಿ ನೂರು ಕಿಲೋ ತೂಕಕ್ಕೆ ಸುಮಾರು 10.7 ಅಶ್ವಶಕ್ತಿ ಸಿಗುತ್ತದೆ. 2021ರಲ್ಲಿ ಯಮಹಾ ತಂದ, ಹಳೆಯ ಕಾಲದ ಚಹರೆಯ ಎಫ್‌ಜೆಡ್-ಎಕ್ಸ್ 149 ಸಿಸಿಯದಾದರೂ 12.4 ಅಶ್ವಶಕ್ತಿ, 139 ಕಿಲೋ. ಅಂದರೆ ನೂರಕ್ಕೆ 8.9 ಮಾತ್ರ. ದುಂಡು ದೀಪ ನೋಡಿ ಇದೇ ಆರ್‌ಎಕ್ಸ್ ವಾರಸುದಾರ ಎಂದು ಕೊಂಡವರಿಗೆ ನಿರಾಸೆಯಾದರೆ ಅದಕ್ಕೆ ಕಾರಣ ಈ ಲೆಕ್ಕದಲ್ಲಿದೆ. ಗಾಡಿ ಕೆಟ್ಟದ್ದಲ್ಲ, ನಿರೀಕ್ಷೆ ತಪ್ಪು.

2022ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಂಟರ್ 350 ತೂಗುವುದು 181 ಕಿಲೋ, ಶಕ್ತಿ 20ರ ಆಸುಪಾಸು. ನೂರು ಕಿಲೋಗೆ ಹನ್ನೊಂದಕ್ಕಿಂತ ತುಸು ಹೆಚ್ಚು. ಯಮಹಾದ ಎಂಟಿ-15, ಹಾಗೂ 2025ರ ನವೆಂಬರ್‌ನಲ್ಲಿ ಬಿಡುಗಡೆಯಾದ ಎಕ್ಸ್‌ಎಸ್‌ಆರ್ 155 ಎರಡರಲ್ಲೂ ಇರುವುದು 18.4 ಅಶ್ವಶಕ್ತಿಯ ಒಂದೇ ಬಗೆಯ 155 ಸಿಸಿ ಎಂಜಿನ್ನು. ಅಲ್ಲಿ ಅನುಪಾತ 13 ದಾಟುತ್ತದೆ.

ಇಲ್ಲೊಂದು ಮಾತು ಸೇರಿಸಬೇಕು. ಗಾಡಿ ತಾನೇ ಓಡುವುದಿಲ್ಲ; ಎಪ್ಪತ್ತು ಕಿಲೋದ ಸವಾರ ಹತ್ತಿ ಕುಳಿತೊಡನೆ ಹಗುರ ಗಾಡಿಯ ಲಾಭ ಬಹುಪಾಲು ಕರಗುತ್ತದೆ. ಸವಾರನನ್ನೂ ಸೇರಿಸಿದರೆ ಆರ್‌ಎಕ್ಸ್ 100ರ ಅನುಪಾತ 6.4ಕ್ಕೆ ಇಳಿಯುತ್ತದೆ. ಹಂಟರ್ 8, ಎಕ್ಸ್‌ಎಸ್‌ಆರ್ ಸುಮಾರು 8.9. ಕಾಗದದ ಮೇಲೆ ಹೊಸ ಗಾಡಿಗಳೇ ಮುಂದು. ನೆನಪು ಇದನ್ನು ಸುಲಭವಾಗಿ ಒಪ್ಪುವುದಿಲ್ಲ.

ಶಕ್ತಿ ಎಲ್ಲಿ ಸಿಗುತ್ತದೆ ಎಂಬುದೂ ಮುಖ್ಯ. ಆರ್‌ಎಕ್ಸ್ ತನ್ನ ಪೂರ್ಣ ಶಕ್ತಿಯನ್ನು ನಿಮಿಷಕ್ಕೆ 7,500 ಸುತ್ತಿನಲ್ಲಿ ಕೊಡುತ್ತದೆ. 155 ಸಿಸಿ ಯಮಹಾಗಳಿಗೆ 10,000 ಸುತ್ತು ಬೇಕು. ಆರು ಗೇರುಗಳನ್ನು ಚುರುಕಾಗಿ ಬದಲಿಸುವ ಉತ್ಸಾಹ ಇದ್ದವರಿಗೆ ಅದು ಹೊಂದುತ್ತದೆ. ಹಂಟರ್ ತನ್ನ 27 ನ್ಯೂಟನ್ ಮೀಟರ್ ಟಾರ್ಕನ್ನು 4,000 ಸುತ್ತಿನಲ್ಲೇ ಕೊಡುವುದರಿಂದ ಗಾಂಧಿ ಚೌಕದ ದಟ್ಟಣೆಯಲ್ಲಿ ಸುಖ. ಆದರೆ ಓಣಿಯಲ್ಲಿ ಹಿಂದಕ್ಕೆ ತಳ್ಳಿ ತಿರುಗಿಸುವಾಗ ಅದರ 181 ಕಿಲೋ ನೆನಪಾಗುತ್ತದೆ.

ಆಸನದ ಬಗ್ಗೆ ಯಾರೂ ಮಾತನಾಡುವುದಿಲ್ಲ. ಆರ್‌ಎಕ್ಸ್‌ನ ಉದ್ದನೆಯ, ಸಮತಟ್ಟಾದ ಸೀಟಿನ ಮೇಲೆ ಇಬ್ಬರು ಕುಳಿತು ನಡುವೆ ಚೀಲವನ್ನೂ ಇಡಬಹುದಿತ್ತು. ಎಂಟಿ-15ರ ಹಿಂಬದಿ ಸೀಟು ಎತ್ತರದಲ್ಲಿ ಇಕ್ಕಟ್ಟಾಗಿದೆ. ಮನೆಯ ಹಿರಿಯರು ಅದರ ಮೇಲೆ ತಿಕೋಟಾವರೆಗೆ ಹೋಗಿಬರುವುದು ಕಷ್ಟ. ಎಕ್ಸ್‌ಎಸ್‌ಆರ್‌ಗೆ ಹಳೆಯ ಮಾದರಿಯ ಒಂದೇ ಸೀಟು ಇದೆ. ಬಿಡುಗಡೆಯ ಹೊತ್ತಿನ ಶೋರೂಂ ಬೆಲೆ ಸುಮಾರು ಒಂದೂವರೆ ಲಕ್ಷ. ಆರ್‌ಎಕ್ಸ್ ಗುಣಕ್ಕೆ ಅತ್ಯಂತ ಸಮೀಪದ್ದು ಎಂದು ಒಂದನ್ನು ಹೆಸರಿಸಬೇಕಾದರೆ ಸದ್ಯಕ್ಕೆ ಇದೇ. 350 ಸಿಸಿವರೆಗಿನ ಬೈಕುಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿರುವುದು ಇಲ್ಲಿ ಹೇಳಿದ ಎಲ್ಲ ಗಾಡಿಗಳಿಗೂ ಅನ್ವಯ.

ಬ್ರೇಕು ಮತ್ತು ಪೆಟ್ರೋಲು

ಹಳೆಯ ಗಾಡಿಯ ನಿಜವಾದ ದೌರ್ಬಲ್ಯ ವೇಗದಲ್ಲಿಲ್ಲ, ನಿಲ್ಲುವುದರಲ್ಲಿದೆ. ಆರ್‌ಎಕ್ಸ್ 100ರ ಎರಡೂ ಚಕ್ರಕ್ಕೆ ಡ್ರಮ್ ಬ್ರೇಕು. ಸೊಲ್ಲಾಪುರ-ಹುಬ್ಬಳ್ಳಿ ನಡುವಿನ ರಾಷ್ಟ್ರೀಯ ಹೆದ್ದಾರಿ 52ರಲ್ಲಿ ಲಾರಿ, ಬಸ್ಸುಗಳ ನಡುವೆ ಎಂಬತ್ತರ ವೇಗದಲ್ಲಿ ಹೋಗುವವರಿಗೆ ಇದು ಜೀವದ ಪ್ರಶ್ನೆ. 125 ಸಿಸಿ ಮೀರಿದ ಹೊಸ ಬೈಕುಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಗಿದೆ. ಜೋರಾಗಿ ಬ್ರೇಕು ಹಿಡಿದಾಗ ಚಕ್ರ ಸಿಲುಕಿ ಗಾಡಿ ಜಾರದಂತೆ ಅದು ನೋಡಿಕೊಳ್ಳುತ್ತದೆ. ಮಳೆ ಬಿದ್ದ ಮೇಲೆ ಎರೆಮಣ್ಣು ಮೆತ್ತಿಕೊಂಡ ರಸ್ತೆಗಳಲ್ಲಿ ಇದರ ಬೆಲೆ ತಿಳಿಯುತ್ತದೆ.

ಇನ್ನೊಂದು ಪೆಟ್ರೋಲು. ಬಂಕುಗಳಲ್ಲಿ ಈಗ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಇಂಧನ. ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ ಶುದ್ಧ ಪೆಟ್ರೋಲಿಗೆ ಹೊಂದಿಸಿದ ಹಳೆಯ ಕಾರ್ಬುರೇಟರಿನಲ್ಲಿ ಮಿಶ್ರಣ ತೆಳುವಾಗುತ್ತದೆ, ಎಂಜಿನ್ನು ಹೆಚ್ಚು ಕಾಯುತ್ತದೆ. ನಲವತ್ತು ಡಿಗ್ರಿಯ ಬೇಸಿಗೆಯಲ್ಲಿ ಎರಡು ಸ್ಟ್ರೋಕಿನ ಎಂಜಿನ್ನಿಗೆ ಇದರಿಂದ ಪಿಸ್ಟನ್ ಹಿಡಿದುಕೊಳ್ಳುವ ಅಪಾಯವಿದೆ. ಹಳೆಯ ರಬ್ಬರ್ ಪೈಪು, ವಾಷರುಗಳೂ ಬೇಗ ಹಾಳಾಗುತ್ತವೆ. ಎಥೆನಾಲ್ ನೀರು ಹೀರುವುದರಿಂದ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿಗೆ ತುಕ್ಕು ಹಿಡಿಯುತ್ತದೆ. ಆ ಎಥೆನಾಲಿನ ಒಂದು ಮೂಲ ಕಬ್ಬು, ಅದನ್ನು ಬೆಳೆಯುವವರಲ್ಲಿ ಈ ಭಾಗದ ರೈತರೂ ಇದ್ದಾರೆ ಎಂಬುದು ಬೇರೆ ಮಾತು. ಗಾಡಿ ಉಳಿಸಿಕೊಳ್ಳುವವರು ಕಾರ್ಬುರೇಟರಿನ ಜೆಟ್ಟನ್ನು ಅನುಭವಿ ಮೆಕ್ಯಾನಿಕ್ ಕೈಯಲ್ಲಿ ಮರುಹೊಂದಿಸುವುದು, ರಬ್ಬರ್ ಭಾಗಗಳನ್ನು ಬದಲಿಸುವುದು ಅವಶ್ಯ.

ಮಾರುವುದೋ, ಉಳಿಸುವುದೋ?

ಹೊಸದನ್ನು ಕೊಂಡೊಡನೆ ಹಳೆಯದನ್ನು ಮಾರಲೇಬೇಕೆಂದಿಲ್ಲ. ಖಾಸಗಿ ವಾಹನದ ನೋಂದಣಿ ಮೊದಲ 15 ವರ್ಷಕ್ಕೆ. ಬಳಿಕ ಪರೀಕ್ಷೆಗೆ ಒಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 20 ವರ್ಷ ಮೀರಿದ ದ್ವಿಚಕ್ರ ವಾಹನದ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 2,000 ರೂಪಾಯಿಗೆ ಏರಿಸಿದೆ. ಅವಧಿ ಮೀರಿದರೆ ವಿಳಂಬದ ಶುಲ್ಕವೂ ತಿಂಗಳ ಲೆಕ್ಕದಲ್ಲಿ ಬೀಳುತ್ತದೆ.

2021ರಲ್ಲಿ ಜಾರಿಗೆ ಬಂದ ವಿಂಟೇಜ್ ನೋಂದಣಿ ನಿಯಮ ಆರ್‌ಎಕ್ಸ್ ಮಾಲೀಕರಿಗೆ ಸದ್ಯ ಉಪಯೋಗಕ್ಕೆ ಬಾರದು. ಅದಕ್ಕೆ ಗಾಡಿಗೆ 50 ವರ್ಷ ತುಂಬಿರಬೇಕು, ಮೂಲ ರೂಪ ಕೆಟ್ಟಿರಬಾರದು. ಮೈಸೂರಿನ ಹಳೆಯ ಜಾವಾಗಳು, ಮೊದಲ ಯೆಜ್ಡಿಗಳು ಈ ಮಿತಿ ದಾಟಿವೆ; ಮೊದಲ ತಂಡದ ಆರ್‌ಎಕ್ಸ್ 100ಗಳಿಗೂ 2035ರವರೆಗೆ ಕಾಯಬೇಕು. ಅಲ್ಲದೆ ವಿಂಟೇಜ್ ವಾಹನವನ್ನು ನಿತ್ಯ ಬಳಕೆಗೆ ಓಡಿಸುವಂತಿಲ್ಲ.

ಇನ್ನು, ಹಳೆಯ ಆರ್‌ಎಕ್ಸ್ ಅನ್ನೇ ಹೊಸದಾಗಿ ಕೊಳ್ಳಲು ಹೊರಟವರು ಬಣ್ಣಕ್ಕೆ ಮರುಳಾಗುವ ಮುನ್ನ ಎಂಜಿನ್ ಮತ್ತು ಚಾಸಿಸ್ ಸಂಖ್ಯೆಗಳನ್ನು ನೋಂದಣಿ ಪತ್ರದೊಂದಿಗೆ ತಾಳೆ ನೋಡಬೇಕು. ಆರ್‌ಎಕ್ಸ್ 135ರ ಎಂಜಿನ್ ಕೂರಿಸಿದ ಗಾಡಿಗಳೂ ‘100’ ಎಂಬ ಹೆಸರಿನಲ್ಲಿ ಕೈ ಬದಲಾಗುತ್ತವೆ. ಪತ್ರದಲ್ಲಿ ಇಲ್ಲದ ಎಂಜಿನ್ನು ನವೀಕರಣದ ದಿನ ಸಾರಿಗೆ ಕಚೇರಿಯ ಅಂಗಳದಲ್ಲಿ ಬೆಳಕಿಗೆ ಬಂದರೆ ಗಾಡಿ ಮನೆಗೆ ಮರಳುವುದು ತಡವಾಗುತ್ತದೆ.