ಘಟ್ಟದ ಮೇಲೆ ಹೈಟೆನ್ಷನ್ ಲೈನ್: ದೋಟಿ ಎತ್ತುವ ಮುಂಚೆ

ಉಡುಪಿ ಕಡೆಯಿಂದ ಘಟ್ಟ ಹತ್ತಿ ಹಾಸನದ ಶಾಂತಿಗ್ರಾಮಕ್ಕೆ ಹೋಗುವ 400 ಕೆ.ವಿ. ಲೈನ್ ನೋಡಿದ್ದೀರಲ್ಲ? ಕಣಿವೆ ದಾಟುವಲ್ಲಿ ತಂತಿ ಎಷ್ಟೋ ಮೇಲಿರುತ್ತೆ, ಕೆಳಗಿನ ಮರಗಳಿಗೂ ಅದಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತೆ. ಘಟ್ಟದ ನೆತ್ತಿಯಲ್ಲಿ ಹಾಗಲ್ಲ, ಅಲ್ಲಿ ನೆಲವೇ ತಂತಿಯ ಹತ್ತಿರಕ್ಕೆ ಏರಿರುತ್ತೆ. 400 ಕೆ.ವಿ. ತಂತಿ ನೆಲದಿಂದ ಕನಿಷ್ಠ 8.84 ಮೀಟರ್ ಮೇಲಿರಬೇಕೆಂಬುದು ನಿಯಮ. ಬಲಿತ ಅಡಿಕೆ ಮರ ಅದಕ್ಕಿಂತ ಎತ್ತರ. ಬೇಸಿಗೆ ಮಧ್ಯಾಹ್ನ ತಂತಿ ಕಾದು ಇನ್ನಷ್ಟು ಜೋತು ಬೀಳುತ್ತೆ. ಬೆಳಿಗ್ಗೆ ನೋಡಿದ ಅಂದಾಜು ನಂಬಬೇಡಿ.

ನನಗೆ ಹೆಚ್ಚು ಭಯ ದೋಟಿಯದ್ದು. ಹಗುರ ಅಂತ ನಾನೂ ಕಾರ್ಬನ್ ಫೈಬರ್ ದೋಟಿ ತಂದೆ. ಅದರಲ್ಲಿ ಕರೆಂಟ್ ಹರಿಯುತ್ತೆ ಅಂತ ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ಅಲ್ಯುಮಿನಿಯಂ ಏಣಿಯೂ ಅಷ್ಟೇ. ತಂತಿಗೆ ತಾಗಬೇಕೆಂದೇನಿಲ್ಲ, ಹತ್ತಿರ ಹೋದರೆ ಸಾಕು, ಕರೆಂಟ್ ಹಾರುತ್ತೆ. ಬೋರ್ಡೋ ಹೊಡೆಯುವಾಗ ಒದ್ದೆಯಾದ ಫೈಬರ್‌ಗ್ಲಾಸ್ ದೋಟಿಯನ್ನೂ ನಂಬುವಂತಿಲ್ಲ.

ಲೈನ್ ಕೆಳಗಿನ 46 ಮೀಟರ್ ಅಗಲದ ಪಟ್ಟಿಯಲ್ಲಿ ಅಡಿಕೆ, ತೆಂಗು, ಸಿಲ್ವರ್ ಓಕ್ ಬೇಡ. ಅರಿಶಿನ, ಶುಂಠಿ, ಅನಾನಸ್, ಪೊದೆ ಕಾಳುಮೆಣಸು ಹಾಕಿ. ಮರ ಕಡಿಯಲು ಬಂದರೆ ಮೊದಲು ಫೋಟೋ ತೆಗೆದು, ಮರಗಳ ಸಂಖ್ಯೆ, ವಯಸ್ಸು, ಇಳುವರಿ ಎಲ್ಲವನ್ನೂ ಮಹಜರಿನಲ್ಲಿ ಬರೆಸಿ. ಪರಿಹಾರ ಸಾಲದಿದ್ದರೆ 1885ರ ಟೆಲಿಗ್ರಾಫ್ ಕಾಯ್ದೆಯ ಪ್ರಕಾರ ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಹಾಕಬಹುದು. ಆಗ ಕೈಯಲ್ಲಿರೋದು ಆ ಮಹಜರು ಮಾತ್ರ.