ಹಳೇ ಟ್ಯೂಬ್ ತೆಗೆಯುವ ಮುನ್ನ

ವಿಶಾಖಪಟ್ಟಣದ ಎಂವಿಪಿ ಕಾಲೋನಿಯಾಗಲಿ, ನಮ್ಮ ಹುಬ್ಬಳ್ಳಿಯಾಗಲಿ, ಐಸಿಯು ಬಾಗಿಲಲ್ಲಿ ಕೂತವರ ಎದೆ ನಡುಗಿಸುವ ಮಾತೊಂದಿದೆ: "ಉಸಿರಿನ ಟ್ಯೂಬ್ ಬದಲಾಯಿಸಬೇಕು, ಸಹಿ ಹಾಕಿ."

ಯಾಕೆ ಬದಲಾಯಿಸಬೇಕು? ಟ್ಯೂಬಿನ ಬಲೂನು ಒಡೆದು ಗಾಳಿ ಸೋರುತ್ತಿರಬಹುದು, ಇಲ್ಲವೇ ಕಫ ಗಟ್ಟಿಯಾಗಿ ಒಳಗೇ ಕಟ್ಟಿಕೊಂಡಿರಬಹುದು. ಆದರೆ ಗುಟ್ಕಾ ಜಗಿದು ಜಗಿದು ಬಾಯಿ ಎರಡು ಬೆರಳಷ್ಟೂ ತೆರೆಯದವರು, ಗಂಟಲು ಊದಿಕೊಂಡವರು ಇದ್ದಾರಲ್ಲ, ಅವರಲ್ಲಿ ಹಳೇ ಟ್ಯೂಬ್ ಹೊರಬಂದು ಹೊಸದು ಒಳಹೋಗದಿದ್ದರೆ? ಆಮ್ಲಜನಕವಿಲ್ಲದೆ ಮಿದುಳು ತಡೆಯುವುದು ಕೆಲವೇ ನಿಮಿಷ.

ಅದಕ್ಕೇ ಉಸಿರಿನ ದಾರಿ ಕೈಬಿಡದೆ ಟ್ಯೂಬ್ ಬದಲಿಸುತ್ತಾರೆ. ಮೊದಲು ನೂರಕ್ಕೆ ನೂರು ಆಮ್ಲಜನಕ. ಆಮೇಲೆ ಹಳೇ ಟ್ಯೂಬಿನೊಳಗೆ ಉದ್ದನೆಯ, ಟೊಳ್ಳಾದ ಎಕ್ಸ್‌ಚೇಂಜ್ ಕ್ಯಾಥೆಟರ್ ಇಳಿಸುತ್ತಾರೆ. ಅದರ ಮೈಮೇಲೆ ಸೆಂಟಿಮೀಟರ್ ಗುರುತುಗಳಿವೆ. ದೊಡ್ಡವರಲ್ಲಿ ತುಟಿಯ ಬಳಿ 25 ದಾಟಬಾರದು; ದಾಟಿದರೆ ಶ್ವಾಸಕೋಶಕ್ಕೆ ಚುಚ್ಚೀತು. ಒಬ್ಬರು ಕ್ಯಾಥೆಟರನ್ನು ಅಲುಗದಂತೆ ಹಿಡಿದಿರುತ್ತಾರೆ. ಇನ್ನೊಬ್ಬರು ಹಳೇ ಟ್ಯೂಬ್ ಎಳೆದು, ಹೊಸದನ್ನು ಆ ಕ್ಯಾಥೆಟರಿನ ಮೇಲೆಯೇ ಜಾರಿಸುತ್ತಾರೆ. ಗಂಟಲೊಳಗನ್ನು ಪರದೆಯಲ್ಲಿ ತೋರಿಸುವ ವಿಡಿಯೋ ಲ್ಯಾರಿಂಗೋಸ್ಕೋಪ್ ಇದ್ದರೆ ಇದೆಲ್ಲ ಕಣ್ಣೆದುರೇ ನಡೆಯುತ್ತದೆ.

ಹೊಸ ಟ್ಯೂಬ್ ಜಾಗದಲ್ಲಿದೆ ಎಂಬುದಕ್ಕೆ ಕೊನೆಯ ಸಾಕ್ಷಿ ಕ್ಯಾಪ್ನೋಗ್ರಾಫ್ ಯಂತ್ರ. ಪ್ರತಿ ಉಸಿರಿಗೂ ಪರದೆಯ ಮೇಲೆ ಇಂಗಾಲದ ಡೈಆಕ್ಸೈಡಿನ ಅಲೆ ಏಳಬೇಕು. ಅಲೆ ಇಲ್ಲವೇ? ಟ್ಯೂಬ್ ಜಾಗದಲ್ಲಿಲ್ಲ ಎಂದೇ ತಿಳಿಯಬೇಕು. ಐಸಿಯುಗಳಲ್ಲಿ ಈ ಯಂತ್ರ ಬಳಸದಿದ್ದುದು ಅನೇಕ ಸಾವುಗಳಿಗೆ ಕಾರಣವಾಯಿತೆಂದು ಬ್ರಿಟನ್ನಿನ 2011ರ ದೊಡ್ಡ ಸಮೀಕ್ಷೆಯೇ ಹೇಳಿತು. ಕ್ಯಾಪ್ನೋಗ್ರಾಫ್ ಐಷಾರಾಮವಲ್ಲ, ಹಾಸಿಗೆ ಪಕ್ಕ ಇರಲೇಬೇಕಾದ ವಸ್ತು.

ನಿಮ್ಮ ಮನೆಯವರಿಗೆ ಹಿಂದೆ ಆಪರೇಷನ್ ಆದಾಗ ಟ್ಯೂಬ್ ಹಾಕಲು ಕಷ್ಟವಾಗಿತ್ತೆಂದು ಡಾಕ್ಟರು ಹೇಳಿದ್ದರೆ, ಅದನ್ನು ಬರೆಸಿಕೊಂಡು ಆ ಚೀಟಿ ಜೋಪಾನವಾಗಿಡಿ. ಯಾವ ಊರಿನ ಆಸ್ಪತ್ರೆಗೆ ಹೋದರೂ ಮೊದಲು ಅದನ್ನೇ ತೋರಿಸಿ.